ಎರಡೇ ದಿನಕ್ಕೆ ಸಾವಿರಾರು ಲಾಗಿನ್ ಪ್ರಯತ್ನ: ಸ್ವಂತ ಸರ್ವರ್‌ನ ಬ್ಲಾಗ್ ಬಿಟ್ಟುಬಿಡಬೇಕಾ?

ಬಾಡಿಗೆ ಸರ್ವರ್ ಒಂದರಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿ, ಅದರ ಮೇಲೆ ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಕೂರಿಸಿ ಬ್ಲಾಗ್ ಶುರು ಮಾಡಿದ್ದೀರಿ. ವಿಳಾಸವನ್ನು ಇನ್ನೂ ಯಾರಿಗೂ ಹೇಳಿಲ್ಲ. ಆದರೂ ಎರಡೇ ದಿನದಲ್ಲಿ ಯಾರ್ಯಾರೋ ಒಳಗೆ ಬರಲು ನೋಡಿದ ಗುರುತು ಲಾಗ್ (ಸರ್ವರ್ ಬರೆದಿಡುವ ದಿನಚರಿ) ತುಂಬಾ. ಯಾರಾದರೂ ಬೆನ್ನು ಬಿದ್ದಿದ್ದಾರಾ, ಇದೆಲ್ಲ ಬಿಟ್ಟು ರೆಡಿಮೇಡ್ ಸೇವೆಗೆ ಹೋಗಿಬಿಡಲಾ ಅಂತ ನಿಮ್ಮ ಪ್ರಶ್ನೆ.

ಯಾರೂ ನಿಮ್ಮ ಬೆನ್ನು ಬಿದ್ದಿಲ್ಲ. ನೀವು ಯಾರು ಅಂತ ಅವರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಬರುತ್ತಿರುವುದು ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮ್‌ಗಳು. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರುಗಳಿಗೆ ಕೊಡುವ ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಝೀಮ್ಯಾಪ್ ಎನ್ನುವ ಓಪನ್ ಸೋರ್ಸ್ ಸಾಧನ 2013ರಲ್ಲೇ ಒಂದೇ ಕಂಪ್ಯೂಟರಿನಿಂದ, ಗಿಗಾಬಿಟ್ ಸಂಪರ್ಕ ಇದ್ದರೆ, ಮುಕ್ಕಾಲು ಗಂಟೆಯಲ್ಲಿ ಇಡೀ ಇಂಟರ್ನೆಟ್ಟಿನ ಒಂದು ಪೋರ್ಟನ್ನು (ಸರ್ವರ್‌ನ ನಂಬರ್ ಇರುವ ಬಾಗಿಲು) ತಟ್ಟಿ ಬರುತ್ತಿತ್ತು. ನಿಮ್ಮ ಬಾಗಿಲು ತಟ್ಟಿದವರು ಪಕ್ಕದ ಬಾಗಿಲನ್ನೂ ತಟ್ಟಿದ್ದಾರೆ.

ಇನ್ನು ಡೊಮೈನ್ ಹೆಸರು ಹೇಗೆ ಸಿಕ್ಕಿತು ಅಂತೀರಾ? ನೀವೇ ಹೇಳಿದ್ದೀರಿ, ಗೊತ್ತಿಲ್ಲದೆ. ಸೈಟಿಗೆ ಎಚ್‌ಟಿಟಿಪಿಎಸ್ ಬೀಗ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸರ್ಟಿಫಿಕೇಟ್ ತೆಗೆದುಕೊಂಡಿರುತ್ತೀರಲ್ಲ, ಆ ಕ್ಷಣವೇ ನಿಮ್ಮ ಡೊಮೈನ್ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ ಅಂತ ಅದಕ್ಕೆ ಹೆಸರು. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಸಿಕ್ಕಿಬೀಳಲಿ ಅಂತ ಮಾಡಿದ ಒಳ್ಳೆಯ ವ್ಯವಸ್ಥೆ. ಆದರೆ ಅದನ್ನು ಬಾಟ್‌ಗಳೂ ಕೂತು ಓದುತ್ತವೆ. ಹೊಸ ಹೆಸರು ಕಂಡ ಕೆಲವೇ ನಿಮಿಷಕ್ಕೆ ವರ್ಡ್‌ಪ್ರೆಸ್ ಲಾಗಿನ್ ಪುಟ ಇದೆಯಾ ಅಂತ ಬಂದು ನೋಡಿ ಹೋಗುತ್ತವೆ. ಹಾಗಾಗಿ ಯಾರಿಗೂ ಹೇಳದಿದ್ದರೆ ಬಚಾವ್ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲ ಕೆಲಸ ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ. ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಅದನ್ನು ತೆಗೆದು ಕೀ ಹಾಕಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಇಡಿ25519 ಬಗೆಯ ಕೀ ಜೋಡಿ ಮಾಡಿ (ಒಂದು ಗುಟ್ಟಿನದು, ಇನ್ನೊಂದು ಪಬ್ಲಿಕ್), ಪಬ್ಲಿಕ್ ಕೀಯನ್ನು ಸರ್ವರ್‌ಗೆ ಕಳಿಸಿ, ಆಮೇಲೆ ಪಾಸ್‌ವರ್ಡ್ ಲಾಗಿನ್ನನ್ನೂ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಲಾಗಿನ್ನನ್ನೂ ಬಂದ್ ಮಾಡಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ.

ಎಸ್‌ಎಸ್‌ಎಚ್‌ನ ಮುಖ್ಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಪಾಸ್‌ವರ್ಡ್ ಸಾಲಿಗೆ 'ನೋ' ಅಂತ ಬರೆದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ಆಯ್ತು ಅಂತ ಮಲಗಿದೆ. ಎಷ್ಟೋ ವಾರ ಆದ ಮೇಲೆ ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಲು ಹೋದರೆ ಹಾಯಾಗಿ ಪಾಸ್‌ವರ್ಡ್ ಕೇಳಿತು! ಕಾರಣ ಏನಪ್ಪಾ ಅಂದರೆ, ಉಬುಂಟುವಿನಲ್ಲಿ ಆ ಮುಖ್ಯ ಫೈಲಿನ ತಲೆಯ ಹತ್ತಿರವೇ ಇನ್ನೊಂದು ಫೋಲ್ಡರಿನ ಚಿಕ್ಕ ಚಿಕ್ಕ ಫೈಲ್‌ಗಳನ್ನು ಎಳೆದುಕೊಳ್ಳುವ ಸಾಲು ಇರುತ್ತದೆ. ಸರ್ವರ್ ತಯಾರಾಗುವಾಗ ಕ್ಲೌಡ್-ಇನಿಟ್ ಎನ್ನುವ ಪ್ರೋಗ್ರಾಮ್ ಅಲ್ಲಿ ಒಂದು ಫೈಲ್ ಇಟ್ಟು 'ಯೆಸ್' ಅಂತ ಬರೆದು ಹೋಗಿತ್ತು. ಒಂದೇ ವಿಷಯದ ಬಗ್ಗೆ ಎರಡು ಸಾಲು ಇದ್ದರೆ ಎಸ್‌ಎಸ್‌ಎಚ್ ಮೊದಲು ಕಂಡಿದ್ದನ್ನು ಹಿಡಿಯುತ್ತದೆ, ಕೊನೆಯದನ್ನಲ್ಲ. ಕೆಳಗೆ ನಾನು ಬರೆದ 'ನೋ'ಗೆ ಕವಡೆ ಕಾಸಿನ ಬೆಲೆ ಇರಲಿಲ್ಲ. ಅದಕ್ಕೇ ಹೇಳುವುದು, ಫೈಲ್ ನೋಡಿ ನಂಬಬೇಡಿ. ಎಸ್‌ಎಸ್‌ಎಚ್‌ಡಿ ಆಜ್ಞೆಗೆ ಒಂದು ಅಡ್ಡಗೆರೆ, ಆಮೇಲೆ ದೊಡ್ಡಕ್ಷರದ ಟಿ ಸೇರಿಸಿ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಆಜ್ಞೆ) ಜೊತೆ ಓಡಿಸಿ. ನಿಜವಾಗಿ ಯಾವ ಸೆಟ್ಟಿಂಗ್ ನಡೆಯುತ್ತಿದೆ ಅಂತ ಅದು ಸಾಲುಸಾಲಾಗಿ ಹೇಳುತ್ತದೆ. ಇದನ್ನೆಲ್ಲ ಮಾಡುವಾಗ ಹಳೆಯ ಟರ್ಮಿನಲ್ ಕಿಟಕಿ ಮುಚ್ಚಬೇಡಿ. ಹೊಸ ಕಿಟಕಿಯಲ್ಲಿ ಲಾಗಿನ್ ಆದ ಮೇಲಷ್ಟೇ ಹಳೆಯದನ್ನು ಬಿಡಿ. ಇಲ್ಲದಿದ್ದರೆ ನಿಮ್ಮ ಮನೆಗೆ ನೀವೇ ಹೊರಗಿನಿಂದ ಬೀಗ ಹಾಕಿಕೊಂಡ ಹಾಗೆ.

ಎಸ್‌ಎಸ್‌ಎಚ್‌ನ ಪೋರ್ಟ್ 22 ಬದಲಾಯಿಸಿ ಅಂತ ಕೆಲವರು ಹೇಳುತ್ತಾರೆ. ಬದಲಾಯಿಸಿದರೆ ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಭದ್ರತೆ ಏನೂ ಜಾಸ್ತಿ ಆಗುವುದಿಲ್ಲ. ಎಸ್‌ಎಸ್‌ಎಚ್ ಮಟ್ಟಿಗೆ, ಪದೇ ಪದೇ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ಕೀ ಹಾಕಿದ ಮೇಲೆ ಪಾಸ್‌ವರ್ಡ್ ಊಹಿಸುವವರು ಎಷ್ಟು ಬಂದರೂ ಲೆಕ್ಕಕ್ಕಿಲ್ಲ.

ಫೈರ್‌ವಾಲ್‌ಗೆ ಉಬುಂಟುವಿನ ಯುಎಫ್‌ಡಬ್ಲ್ಯು ಸಾಕು. ಎಸ್‌ಎಸ್‌ಎಚ್, ವೆಬ್‌ನ 80, 443 ಪೋರ್ಟ್‌ಗಳನ್ನು ಬಿಟ್ಟು ಉಳಿದದ್ದೆಲ್ಲ ಬಂದ್. ಒಂದು ಹಳ್ಳ ಮಾತ್ರ ನೋಡಿಕೊಳ್ಳಿ. ಮುಂದೆ ಯಾವಾಗಲಾದರೂ ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸಿ ಅದರಲ್ಲಿ ಪೋರ್ಟ್ ತೆರೆದರೆ, ಅದು ಯುಎಫ್‌ಡಬ್ಲ್ಯುವನ್ನು ಕೇಳದೆ ನೇರವಾಗಿ ತನ್ನ ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯು 'ಎಲ್ಲ ಮುಚ್ಚಿದೆ' ಅನ್ನುತ್ತಿರುತ್ತದೆ, ನಿಮ್ಮ ಡೇಟಾಬೇಸ್ ಮಾತ್ರ ಬೀದಿಗೆ ಮುಖ ಮಾಡಿ ಕೂತಿರುತ್ತದೆ. ಹಾಗಾಗಿ ಡಾಕರ್‌ನಲ್ಲಿ ಪೋರ್ಟ್ ಕೊಡುವಾಗ ಅದರ ಮೊದಲು 127.0.0.1 (ಈ ಸರ್ವರ್‌ಗೆ ಮಾತ್ರ ಸಿಗುವ ವಿಳಾಸ) ಸೇರಿಸಿ.

ಈಗ ನಿಜವಾದ ಅಪಾಯಕ್ಕೆ ಬರೋಣ. ನಿಮ್ಮನ್ನು ಹೆದರಿಸಿದ್ದು ಲಾಗಿನ್ ಪ್ರಯತ್ನಗಳು, ಆದರೆ ನನ್ನ ಬ್ಲಾಗ್ ಒಡೆದದ್ದು ಆ ಬಾಗಿಲಿನಿಂದಲ್ಲ. ಒಂದು ದಿನ ಗೆಳೆಯರೊಬ್ಬರು ಫೋನ್ ಮಾಡಿ, 'ಏನ್ರೀ, ನಿಮ್ಮ ಲೇಖನ ಗೂಗಲ್‌ನಲ್ಲಿ ಹುಡುಕಿ ಒತ್ತಿದರೆ ಮಾತ್ರೆ ಮಾರುವ ಅಂಗಡಿ ತೆರೆಯುತ್ತೆ' ಅಂದರು. ನಾನು ವಿಳಾಸ ಟೈಪ್ ಮಾಡಿ ನೋಡಿದೆ, ಬ್ಲಾಗ್ ಸರಿಯಾಗಿಯೇ ಬಂತು. ನಿಮ್ಮ ಫೋನಿಗೇ ವೈರಸ್ ಇರಬೇಕು ಅಂತ ಅವರಿಗೇ ಹೇಳಿದೆ. ಆಮೇಲೆ ನಾನೂ ಹುಡುಕಿ ಒತ್ತಿದಾಗ ಮುಖಕ್ಕೆ ಹೊಡೆದ ಹಾಗಾಯ್ತು. ಸರ್ಚ್‌ನಿಂದ ಬಂದವರನ್ನು ಮಾತ್ರ ಬೇರೆಡೆಗೆ ತಿರುಗಿಸು, ನೇರವಾಗಿ ಬಂದವರಿಗೆ ಮಾಮೂಲಿ ಪುಟ ತೋರಿಸು ಅಂತ ಯಾರೋ ಕೋಡ್ ಸೇರಿಸಿದ್ದರು. ಬ್ಲಾಗ್‌ನ ಮಾಲೀಕ ಯಾವತ್ತೂ ನೇರವಾಗಿ ಬರುತ್ತಾನೆ ಅಲ್ವಾ, ಅವನಿಗೆ ಗೊತ್ತಾಗದಿರಲಿ ಅಂತ.

ಹುಡುಕಿದಾಗ ಚಿತ್ರಗಳಿರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರ್ ಓಡಿಸುವ ಕೋಡ್, ಸಿಕ್ಕಿತು. ಅದು ಬಂದದ್ದು ವರ್ಡ್‌ಪ್ರೆಸ್‌ಗೆ ಸೇರಿಸಿದ್ದ ಹಳೆಯ ಗ್ಯಾಲರಿ ಪ್ಲಗಿನ್ ಒಂದರ ತೂತಿನಿಂದ. ಆ ಪ್ಲಗಿನ್ ಅನ್ನು ನಾನು ಯಾವಾಗಲೋ ಡಿಆಕ್ಟಿವೇಟ್ ಮಾಡಿದ್ದೆ. ಡಿಆಕ್ಟಿವೇಟ್ ಮಾಡಿದರೆ ವರ್ಡ್‌ಪ್ರೆಸ್ ಅದನ್ನು ಬಳಸುವುದಿಲ್ಲ ಅಷ್ಟೇ. ಫೈಲ್‌ಗಳು ಅಲ್ಲೇ ಬಿದ್ದಿರುತ್ತವೆ, ವಿಳಾಸ ಗೊತ್ತಿದ್ದವರು ಅವನ್ನು ನೇರವಾಗಿ ಕರೆಯಬಹುದು.

ಅವತ್ತಿನಿಂದ ನನ್ನ ಪಾಲಿಗೆ ಪ್ಲಗಿನ್ ಅಂದರೆ ಮನೆಗೆ ಸೇರಿಸಿಕೊಂಡ ಬಾಡಿಗೆದಾರ. ಬೇಡವಾದರೆ ಡಿಲೀಟ್, ನಡುವೆ ಇನ್ನೊಂದು ಸ್ಥಿತಿ ಇಲ್ಲ. ಬಳಸದ ಥೀಮ್‌ಗಳಿಗೂ ಇದೇ ಮಾತು. ದುಡ್ಡು ಕೊಡಬೇಕಾದ ಥೀಮ್ ಎಲ್ಲೋ ಪುಕ್ಕಟೆ ಸಿಕ್ಕಿತು ಅಂತ ಹಾಕಿಕೊಂಡರಂತೂ ಮುಗೀತು, ಕಳ್ಳನಿಗೆ ಕೀಲಿ ಕೊಟ್ಟ ಹಾಗೆ. ಜೊತೆಗೆ ಪುಟಗಳನ್ನು ಕಳಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ಸ್ ಫೋಲ್ಡರಿನೊಳಗೆ ಪಿಎಚ್‌ಪಿ ಓಡದಂತೆ ನಾಲ್ಕು ಸಾಲು ಸೇರಿಸಿ. ಆ ನಾಲ್ಕು ಸಾಲು ನನ್ನಲ್ಲಿ ಇದ್ದಿದ್ದರೆ ಆ ಫೈಲ್ ಸುಮ್ನೆ ಬಿದ್ದಿರುತ್ತಿತ್ತು. ಹೊರಗಿನ ಆ್ಯಪ್‌ನಿಂದ ಬರೆಯುವ ಅಭ್ಯಾಸ ಇಲ್ಲದಿದ್ದರೆ ಎಕ್ಸ್‌ಎಂಎಲ್-ಆರ್‌ಪಿಸಿ ಫೈಲನ್ನೂ ಮುಚ್ಚಿಬಿಡಿ. ಒಂದೇ ಕೋರಿಕೆಯೊಳಗೆ ರಾಶಿ ಪಾಸ್‌ವರ್ಡ್ ತುಂಬಿ ಪರೀಕ್ಷಿಸಲು ಬಾಟ್‌ಗಳು ಅದನ್ನು ಬಳಸಿದ್ದುಂಟು. ಫೈಲ್ ಪರ್ಮಿಷನ್ ಸಮಸ್ಯೆ ಬಂದಾಗ 777 (ಯಾರು ಬೇಕಾದರೂ ತಿದ್ದುವ ಅನುಮತಿ) ಕೊಡಿ ಅನ್ನುವ ಸಲಹೆ ಎಲ್ಲೇ ಕಂಡರೂ ಆ ಪುಟ ಮುಚ್ಚಿ.

ಇನ್ನೊಂದು ಚಿಕ್ಕ ವಿಷಯ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲನ್ನು ತಿದ್ದುವ ಮೊದಲು ಅಲ್ಲೇ ಒಂದು ನಕಲು ಇಟ್ಟು, ಹೆಸರಿನ ಕೊನೆಗೆ 'ಬ್ಯಾಕ್' ಅಂತ ಸೇರಿಸಿದ್ದೀರಾ? ಪಿಎಚ್‌ಪಿ ಅಂತ ಕೊನೆಯಾಗದ ಫೈಲನ್ನು ಸರ್ವರ್ ಓಡಿಸುವುದಿಲ್ಲ, ಕೇಳಿದವರಿಗೆ ಹಾಗೇ ಓದಲು ಕೊಡುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಸಮೇತ. ಲಾಗ್ ತೆಗೆದು ನೋಡಿ, ಬಾಟ್‌ಗಳು ಅಂಥ ಹೆಸರುಗಳನ್ನು ಕೇಳಿಕೊಂಡು ಬಂದಿರುತ್ತವೆ.

ಅಪ್‌ಡೇಟ್ ಬಗ್ಗೆ ಚರ್ಚೆಯೇ ಬೇಡ, ತಾನಾಗಿಯೇ ಆಗುವಂತೆ ಬಿಡಿ. ವರ್ಡ್‌ಪ್ರೆಸ್‌ನ ಚಿಕ್ಕ ಅಪ್‌ಡೇಟ್‌ಗಳು 2013ರ 3.7ನೇ ಆವೃತ್ತಿಯಿಂದ ತಾವಾಗಿಯೇ ಆಗುತ್ತವೆ. ಪ್ಲಗಿನ್, ಥೀಮ್‌ಗಳಿಗೆ ಆ ಸ್ವಿಚ್ ಡ್ಯಾಶ್‌ಬೋರ್ಡಿನಲ್ಲಿ ಬಂದದ್ದು 2020ರಲ್ಲಿ, ಅದನ್ನು ನೀವೇ ಆನ್ ಮಾಡಬೇಕು. ಅಪ್‌ಡೇಟ್‌ನಿಂದ ಏನಾದರೂ ಕೆಟ್ಟುಹೋದರೆ ಅಂತ ಹೆದರುವವರಿಗೆ 2017ರ ಕಥೆ ಹೇಳುತ್ತೇನೆ. 4.7 ಮತ್ತು 4.7.1ರಲ್ಲಿ ಲಾಗಿನ್ ಆಗದೆಯೇ ಯಾರು ಬೇಕಾದರೂ ಲೇಖನ ತಿದ್ದಬಹುದಾದ ತೂತು ಇತ್ತು. ಜನವರಿ ಕೊನೆಯಲ್ಲಿ 4.7.2 ಬಿಟ್ಟು ಅದನ್ನು ಸದ್ದಿಲ್ಲದೆ ಮುಚ್ಚಿದರು. ಎಲ್ಲರೂ ಅಪ್‌ಡೇಟ್ ಆಗಲಿ ಅಂತ ಒಂದು ವಾರದಷ್ಟು ಕಾದು ಆಮೇಲೆ ವಿವರ ಹೇಳಿದರು. ಅಷ್ಟಾದರೂ ಅಪ್‌ಡೇಟ್ ಆಗದೆ ಉಳಿದ ಸೈಟ್‌ಗಳಲ್ಲಿ ಲಕ್ಷಗಟ್ಟಲೆ ಪುಟಗಳು ಹಾಳಾದವು. ಸರ್ವರ್‌ಗೂ ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಇದೆಯಾ ನೋಡಿ. ಅದು ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಹಾಕುತ್ತದೆ, ಆದರೆ ಹೇಳದ ಹೊರತು ರೀಬೂಟ್ ಮಾಡುವುದಿಲ್ಲ. ರೀಬೂಟ್ ಆಗುವವರೆಗೆ ಓಡುತ್ತಿರುವುದು ಹಳೆಯ ಕರ್ನಲ್ಲೇ.

ಹೊಸದು ಅಂದರೆ ತೀರಾ ಬಿಸಿಬಿಸಿಯಾದದ್ದು ಅಂತಲೂ ಅಲ್ಲ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎನ್ನುವ ಚಿಕ್ಕ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಎನ್ನುವ ಪ್ರೋಗ್ರಾಮರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಯಾಕೋ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅನ್ನಿಸಿತು. ಆ ಅನುಮಾನದ ಬಾಲ ಹಿಡಿದು ಹೋಗಿ ಅವರು ಅದನ್ನು ಕಂಡುಹಿಡಿದರು. ಅದು ಸೇರಿದ್ದು ಮುಖ್ಯವಾಗಿ ಡೆಬಿಯನ್, ಫೆಡೋರಾದಂಥ ಲಿನಕ್ಸ್ ಬಗೆಗಳ ಪರೀಕ್ಷೆಯ ಆವೃತ್ತಿಗಳಿಗೆ. ಸ್ಟೇಬಲ್ (ಪಕ್ಕಾ ಆದ) ಆವೃತ್ತಿ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ. ಹಾಗಾಗಿ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಅಥವಾ ಡೆಬಿಯನ್ ಸ್ಟೇಬಲ್ ಹಾಕಿ, ಅದಕ್ಕೆ ಬರುವ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮಾತ್ರ ತಪ್ಪದೆ ತೆಗೆದುಕೊಳ್ಳಿ.

ಬ್ಯಾಕಪ್ ವಿಷಯದಲ್ಲಿ ನಾನು ಎರಡು ಸಲ ಪೆಟ್ಟು ತಿಂದಿದ್ದೇನೆ. ಮೇಲೆ ಹೇಳಿದ ಮಾತ್ರೆ ಅಂಗಡಿ ಪ್ರಕರಣದಲ್ಲಿ ನನ್ನ ಬ್ಯಾಕಪ್‌ಗಳು ಅದೇ ಸರ್ವರ್‌ನಲ್ಲೇ ಇದ್ದವು, ಅದೂ ಕೊನೆಯ ಏಳು ದಿನದ್ದು ಮಾತ್ರ. ಕಳ್ಳ ಬಂದು ಏಳು ದಿನಕ್ಕಿಂತ ಜಾಸ್ತಿ ಆಗಿತ್ತು. ಏಳರಲ್ಲೂ ಅವನ ಫೈಲ್ ಭದ್ರವಾಗಿ ಕೂತಿತ್ತು. ಈಗ ರೆಸ್ಟಿಕ್ ಎನ್ನುವ ಬ್ಯಾಕಪ್ ಸಾಧನ ಬಳಸಿ ಬೇರೆ ಕಡೆಗೆ ಕಳಿಸುತ್ತೇನೆ, ತಿಂಗಳಿಗೊಂದರಂತೆ ಒಂದು ವರ್ಷದ್ದನ್ನು ಉಳಿಸಿಕೊಳ್ಳುತ್ತೇನೆ. ಇನ್ನೊಂದು ನಕಲನ್ನು ಮನೆಯ ಕಂಪ್ಯೂಟರೇ ಸರ್ವರ್‌ನಿಂದ ಎಳೆದುಕೊಳ್ಳುತ್ತದೆ. ಯಾಕೆಂದರೆ ಬ್ಯಾಕಪ್ ಅಳಿಸುವ ಅಧಿಕಾರ ಸರ್ವರ್‌ಗೇ ಇದ್ದರೆ, ಸರ್ವರ್ ಹಿಡಿದವನಿಗೂ ಅದು ಇರುತ್ತದೆ.

ಎರಡನೇ ಪೆಟ್ಟು ಇನ್ನೂ ತಮಾಷೆಯದು. ಬ್ಯಾಕಪ್ ಇತ್ತು, ಸರ್ವರ್ ಬದಲಾಯಿಸುವಾಗ ರಿಸ್ಟೋರ್ ಮಾಡಿದೆ. ಚಿತ್ರ, ತಾರೀಕು ಎಲ್ಲ ಬಂತು. ಕನ್ನಡ ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ! ಸಾಲುಗಟ್ಟಲೆ ಪ್ರಶ್ನೆಗಳು. ಎಲ್ಲಿಂದಲೋ ಎತ್ತಿಕೊಂಡಿದ್ದ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಡೇಟಾಬೇಸಿನ ಅಕ್ಷರ ಸೆಟ್ ಲ್ಯಾಟಿನ್1 ಅಂತ ಬರೆದಿತ್ತು. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಜಾಗ ಇಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದು ಕೈ ತೊಳೆದುಕೊಂಡಿತ್ತು. ಪುಣ್ಯಕ್ಕೆ ಹಳೆಯ ಸರ್ವರ್ ಇನ್ನೂ ಜೀವಂತ ಇತ್ತು. ಡಂಪ್ (ಡೇಟಾಬೇಸಿನ ನಕಲು) ತೆಗೆಯುವಾಗ ಅಕ್ಷರ ಸೆಟ್ ಯುಟಿಎಫ್8ಎಂಬಿ4 ಅಂತ ಸ್ಪಷ್ಟವಾಗಿ ಕೊಡಿ. ವರ್ಡ್‌ಪ್ರೆಸ್ ಬಳಸುವ ಡೇಟಾಬೇಸ್ ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಒಂದು ಅಕ್ಷರಕ್ಕೆ ಮೂರೇ ಬೈಟ್ ಕೊಡುತ್ತದೆ. ಕನ್ನಡಕ್ಕೆ ಅದು ಸಾಕು, ಆದರೆ ಎಮೋಜಿಗೆ ನಾಲ್ಕು ಬೇಕು. ಮತ್ತೆ ದಯವಿಟ್ಟು ಡಂಪ್ ಫೈಲನ್ನು ಒಮ್ಮೆ ತೆರೆದು ಒಂದು ಕನ್ನಡ ಸಾಲು ಓದಿ ನೋಡಿ. ಎರಡು ನಿಮಿಷದ ಕೆಲಸ. ಮೂರು ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನಲ್ಲೇ ಪೂರ್ತಿ ರಿಸ್ಟೋರ್ ಮಾಡಿ ನೋಡುವುದು ನನಗೀಗ ಅಭ್ಯಾಸ.

ಉಳಿದದ್ದು ಚುಟುಕಾಗಿ. ಡೊಮೈನ್ ಖಾತೆಗೂ ಅದಕ್ಕೆ ಕೊಟ್ಟ ಇಮೇಲ್‌ಗೂ ಎರಡು ಹಂತದ ಲಾಗಿನ್ ಹಾಕಿ, ಅದು ಹೋದರೆ ಸರ್ವರ್ ಗಟ್ಟಿ ಇದ್ದು ಏನೂ ಪ್ರಯೋಜನ ಇಲ್ಲ. ವರ್ಡ್‌ಪ್ರೆಸ್ ಅಡ್ಮಿನ್‌ಗೂ ಹಾಕಿ. ಲೆಟ್ಸ್ ಎನ್‌ಕ್ರಿಪ್ಟ್ ಈಗ ಸರ್ಟಿಫಿಕೇಟ್ ಅವಧಿ ಮುಗಿಯುತ್ತಿದೆ ಅಂತ ಇಮೇಲ್ ಕಳಿಸುವುದಿಲ್ಲ, 2025ರಲ್ಲಿ ನಿಲ್ಲಿಸಿತು. ಅದನ್ನು ನವೀಕರಿಸುವ ಸರ್ಟ್‌ಬಾಟ್‌ನ ಡ್ರೈ-ರನ್ (ಪರೀಕ್ಷಾ ಓಟ) ಮಾಡಿ, ನವೀಕರಣ ತಾನಾಗಿ ಆಗುತ್ತಾ ಅಂತ ಖಚಿತ ಮಾಡಿಕೊಳ್ಳಿ. 1 ಜಿಬಿ ಮೆಮೊರಿಯ ಸರ್ವರ್ ಆದರೆ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಡಿ. ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎನ್ನುವ ಬಿಳಿ ಪುಟ ಕಂಡು ಹ್ಯಾಕ್ ಆಯ್ತು ಅಂತ ನಾನೊಮ್ಮೆ ಗಾಬರಿಯಾಗಿದ್ದೆ. ಆಗಿದ್ದಿಷ್ಟೇ, ಮೆಮೊರಿ ಸಾಲದೆ ಲಿನಕ್ಸ್ ಮೈಎಸ್‌ಕ್ಯುಎಲ್ ಅನ್ನು ಕೊಂದಿತ್ತು.

ಕೊನೆಗೆ, ಬಿಟ್ಟುಬಿಡಬೇಕಾ? ವಾರಕ್ಕೆ ಅರ್ಧ ಗಂಟೆ ಇದಕ್ಕೆ ಕೊಡಲು ಆಗದಿದ್ದರೆ ರೆಡಿಮೇಡ್ ಸೇವೆಯೇ ವಾಸಿ, ಅದರಲ್ಲಿ ನಾಚಿಕೆ ಏನಿಲ್ಲ. ನಡುವೆ ಇನ್ನೊಂದು ದಾರಿಯೂ ಇದೆ. ನೀವೊಬ್ಬರೇ ಬರೆಯುವುದಾದರೆ ಹ್ಯೂಗೋ ನೋಡಿ. ಲೇಖನ ನಿಮ್ಮ ಲ್ಯಾಪ್‌ಟಾಪಿನಲ್ಲೇ ಪುಟವಾಗಿ ತಯಾರಾಗುತ್ತದೆ, ಸರ್ವರ್‌ನಲ್ಲಿ ಇರುವುದು ಬರೀ ಎಚ್‌ಟಿಎಂಎಲ್ ಫೈಲ್‌ಗಳು. ಪಿಎಚ್‌ಪಿ ಇಲ್ಲ, ಡೇಟಾಬೇಸ್ ಇಲ್ಲ, ಲಾಗಿನ್ ಪುಟವೇ ಇಲ್ಲ. ಬಾಟ್‌ಗಳು ಬರುತ್ತವೆ, 404 (ಪುಟ ಇಲ್ಲ) ಉತ್ತರ ತಿಂದು ಹೋಗುತ್ತವೆ. ನನ್ನ ಎರಡನೇ ಬ್ಲಾಗ್ ಹೀಗೇ ಇದೆ. ಫೋನಿನಿಂದ ಒಂದು ಕಾಗುಣಿತ ತಪ್ಪು ತಿದ್ದಬೇಕಾದರೂ ಒದ್ದಾಡಬೇಕು ಅನ್ನೋದೊಂದೇ ಅದರ ತಲೆನೋವು.

ಸದ್ಯಕ್ಕೆ ಇವತ್ತು ಎಸ್‌ಎಸ್‌ಎಚ್ ಕೀ ಮುಗಿಸಿ, ಬೇಡದ ಪ್ಲಗಿನ್ ಅಳಿಸಿ. ಬ್ಯಾಕಪ್ ನಾಳೆಗೆ. ದೊಡ್ಡಕ್ಷರದ ಟಿ ಕೊಟ್ಟಾಗ ಪಾಸ್‌ವರ್ಡ್ ಸಾಲಿನಲ್ಲಿ 'ಯೆಸ್' ಅಂತಲೇ ಬಂದರೆ ಇಲ್ಲೇ ಬರೆಯಿರಿ, ಯಾವ ಫೈಲ್ ಕಾಟ ಕೊಡುತ್ತಿದೆ ಅಂತ ನೋಡೋಣ.