ಸ್ಪ್ರಿಂಗ್ ಕತ್ತರಿಸಬೇಡಿ, ಬೆರಳು ಪಳಗಿಸಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕೇಳಿದವರು ಬೇರೆ ಬೇರೆ, ಗೊಣಗಾಟ ಮಾತ್ರ ಒಂದೇ: ರಿವಾಲ್ವರಿನ ಟ್ರಿಗರ್ ಗಟ್ಟಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಾರದು, ತೋಟಾ ತುಂಬುವ ಸಿಲಿಂಡರ್ ಹೀಗೆ ತೆರೆಯಬೇಕು, ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಅಷ್ಟೂ ಗೊತ್ತಿಲ್ಲದವರ ಕೈಯಲ್ಲಿ ರಿವಾಲ್ವರ್ ಇರಲೇಬಾರದು. ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಐದು ಗುಂಡಿನ ಚಿಕ್ಕ ರಿವಾಲ್ವರ್ ಕೊಂಡಿದ್ದೇನೆ. ಟ್ರಿಗರ್ ತುಂಬಾ ಗಟ್ಟಿ. ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದರೆ ಬೆಣ್ಣೆ ಹಾಗೆ ಆಗುತ್ತೆ ಅಂತ ಪರಿಚಯದ ಮೆಕ್ಯಾನಿಕ್ ಹೇಳ್ತಾರೆ. ಮಾಡಿಸಬಹುದಾ?

ಬೇಡ. ಈಗಾಗಲೇ ಮಾಡಿಸಿದ್ದರೆ ಹೊಸ ಸ್ಪ್ರಿಂಗ್ ಹಾಕಿಸುವ ತನಕ ಅದನ್ನು ನಂಬಬೇಡಿ.

ಹೋದ ವರ್ಷ ಒಬ್ಬರು ತರಬೇತಿಗೆ ಬಂದಿದ್ದರು. ಬಂದವರೇ ತಮ್ಮ ರಿವಾಲ್ವರ್ ಮುಂದಿಟ್ಟು, 'ಟ್ರಿಗರ್ ಎಳೆದು ನೋಡಿ ಸರ್, ಎಷ್ಟು ನುಣುಪಾಗಿದೆ' ಅಂದರು. ನಿಜ, ನುಣುಪಾಗಿತ್ತು. ಐದು ತೋಟಾ ತುಂಬಿಸಿ ಹೊಡೆಯಲು ಹೇಳಿದೆ. ಢಂ, ಢಂ, ಟಕ್, ಢಂ, ಟಕ್. ಬಾಯಿ ಗುರಿಯ ಕಡೆಗೇ ಇರಲಿ ಅಂತ ನಿಲ್ಲಿಸಿ, ಕಾದು, ಸಿಲಿಂಡರ್ ತೆರೆಸಿದೆ. ಹೊತ್ತಿಕೊಂಡ ಮೂರರ ಪ್ರೈಮರಿನಲ್ಲಿ (ತೋಟಾದ ಹಿಂಬದಿಯಲ್ಲಿ, ಪೆಟ್ಟು ಬಿದ್ದರೆ ಕಿಡಿ ಕೊಡುವ ಬಿಲ್ಲೆ) ಆಳವಾದ ದುಂಡನೆಯ ಗುಳಿ. ಹೊತ್ತದ ಎರಡರಲ್ಲಿ ಉಗುರಿನಿಂದ ಒತ್ತಿದ ಹಾಗೆ ಒಂದು ಚೂರು ಗುರುತು, ಅಷ್ಟೇ. ಅವರ ಮುಖ ಸಣ್ಣದಾಯಿತು. ಆ ಸ್ಪ್ರಿಂಗ್ ಕತ್ತರಿಸಿದವರು ಹೊಲಿಗೆ ಯಂತ್ರ ರಿಪೇರಿ ಮಾಡುವವರಂತೆ. ಹೊಲಿಗೆ ಯಂತ್ರದ ಬಗ್ಗೆ ಅವರಿಗೆ ಚೆನ್ನಾಗಿಯೇ ಗೊತ್ತಿರಬಹುದು.

ಟ್ರಿಗರ್ ಯಾಕೆ ಗಟ್ಟಿ ಅಂತ ಒಮ್ಮೆ ಅರ್ಥ ಮಾಡಿಕೊಂಡರೆ ಕತ್ತರಿ ಕೈಗೆ ಬರುವುದಿಲ್ಲ. ರಿವಾಲ್ವರಿನಲ್ಲಿ ಎಲ್ಲ ಕೆಲಸವನ್ನೂ ನಿಮ್ಮ ಒಂದು ಬೆರಳೇ ಮಾಡಬೇಕು. ಟ್ರಿಗರ್ ಹಿಂದಕ್ಕೆ ಬರುವಾಗ ಮುಖ್ಯ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ತೋಟಾಕ್ಕೆ ಪೆಟ್ಟು ಕೊಡುವ ಹ್ಯಾಮರ್ ಏಳುತ್ತದೆ, ಸಿಲಿಂಡರ್ ಒಂದು ಮನೆ, ಅಂದರೆ ಒಂದು ತೋಟಾ ಕೂರುವಷ್ಟು ಜಾಗ, ತಿರುಗಿ ಬ್ಯಾರಲ್ಲಿನ ನೇರಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಹ್ಯಾಮರ್ ಬೀಳುತ್ತದೆ. ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಇದರಲ್ಲಿ ಬಹುಪಾಲನ್ನು ಹಿಂದಿನ ಗುಂಡಿನ ಧಕ್ಕೆಯೇ ಮಾಡಿಕೊಡುತ್ತದೆ. ಇಲ್ಲಿ ಮಾಡಿಕೊಡುವವರು ಯಾರೂ ಇಲ್ಲ. ಅದಕ್ಕೇ ಎಳೆತದ ಬಲ 5 ಕೆಜಿ ಆಸುಪಾಸು. ಹ್ಯಾಮರ್ ಬೀಳುವ ವೇಗ ಮುಖ್ಯ ಸ್ಪ್ರಿಂಗಿನಿಂದ ಬರುತ್ತದೆ. ಅದನ್ನು ಸಡಿಲ ಮಾಡಿದರೆ ಮೆತ್ತನೆಯ ಪ್ರೈಮರ್ ಹೊತ್ತೀತು, ಗಟ್ಟಿ ಪ್ರೈಮರ್ ಹೊತ್ತಲಾರದು. ಒಂದು ಡಬ್ಬಿ ತೋಟಾ ಸರಿಯಾಗಿ ಹಾರಿತು ಅಂತ ಬೀಗಬೇಡಿ, ಮುಂದಿನ ಡಬ್ಬಿಯ ಪ್ರೈಮರ್ ಬೇರೆ ಇರುತ್ತದೆ.

ಇನ್ನು ಕೆಲವರು ಮುಖ್ಯ ಸ್ಪ್ರಿಂಗ್ ಬಿಟ್ಟು, ಟ್ರಿಗರನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿಗೆ ಕೈ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು. ಟ್ರಿಗರ್ ಸೋಮಾರಿಯಾಗಿ ವಾಪಸ್ ಬರುತ್ತದೆ. ಗಾಬರಿಯಲ್ಲಿ ಅದು ಪೂರ್ತಿ ಮುಂದೆ ಬರುವ ಮೊದಲೇ ಮತ್ತೆ ಎಳೆಯುತ್ತೀರಿ. ಆಗ ಟ್ರಿಗರ್ ಸಿಕ್ಕಿಕೊಳ್ಳಬಹುದು, ಇಲ್ಲವೇ ತೋಟಾ ಇರುವ ಮನೆ ಹ್ಯಾಮರಿನ ಮುಂದಿನಿಂದ ಸುಮ್ನೆ ದಾಟಿ ಹೋಗಬಹುದು.

ಇನ್ನೊಂದು ಮಾತು. ಇಂಥ ಹೆಚ್ಚಿನ ರಿವಾಲ್ವರುಗಳಲ್ಲಿ ಬೇರೆ ಸೇಫ್ಟಿ ಗುಂಡಿ ಇರುವುದಿಲ್ಲ. ಆ ಉದ್ದನೆಯ, ಗಟ್ಟಿ ಎಳೆತವೇ ಸೇಫ್ಟಿ. ಬೆಚ್ಚಿಬಿದ್ದ ಕೈ ಬಿಗಿಯಾದರೂ ಅಷ್ಟು ಸುಲಭಕ್ಕೆ ಹಾರಬಾರದು ಅಂತಲೇ ಅದು ಹಾಗಿದೆ. ನೀವು ದುಡ್ಡು ಕೊಟ್ಟು ತೆಗೆಸುತ್ತಿರುವುದು ಅದನ್ನೇ.

ಗಟ್ಟಿ ಅಂತ ದೂರುವ ಮೊದಲು ಒಂದು ಕೆಲಸ ಮಾಡಿ. ಸಿಲಿಂಡರ್ ತೆರೆದು ಖಾಲಿ ಮಾಡಿ, ತೋಟಾ ಹೊರಗೆ ತಳ್ಳುವ ನಕ್ಷತ್ರದಂಥ ತಟ್ಟೆ ಇದೆಯಲ್ಲ, ಅದನ್ನು ಎತ್ತಿ ಅದರ ಅಡಿ ನೋಡಿ. ಪೂರ್ತಿ ಉರಿಯದ ಮದ್ದಿನ ಚೂರುಗಳು ಅಲ್ಲಿ ಸೇರಿಕೊಳ್ಳುತ್ತವೆ. ಒಂದೆರಡು ಕಣ ಸಾಕು, ತಟ್ಟೆ ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ಉಜ್ಜಿಕೊಂಡು ತಿರುಗುತ್ತದೆ, ಟ್ರಿಗರ್ ಮರಳು ತುಂಬಿದ ಹಾಗೆ ಅನ್ನಿಸುತ್ತದೆ. 'ಮೊದಲು ಚೆನ್ನಾಗಿತ್ತು, ಈಗ ಗಟ್ಟಿಯಾಗಿದೆ' ಅಂತ ಬರುವವರ ರಿವಾಲ್ವರನ್ನು ನಾನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೇ ಎಷ್ಟೋ ಸಲ ಸರಿ ಮಾಡಿದ್ದೇನೆ. ತಟ್ಟೆಯ ಕಡ್ಡಿ ಸಡಿಲವಾಗಿ ಬಿಚ್ಚಿಕೊಂಡಿದ್ದರೂ ಇದೇ ತೊಂದರೆ. ಅದನ್ನೂ ನೋಡಿ.

ಹೊಸದೇ ಗಟ್ಟಿ ಇದ್ದರೆ ಬದಲಾಗಬೇಕಾದ್ದು ನಿಮ್ಮ ಕೈ. ಲೆಕ್ಕ ಹಾಕಿ: ಅಲ್ಯೂಮಿನಿಯಂ ಮೈಯ ಚಿಕ್ಕ ರಿವಾಲ್ವರ್ ಖಾಲಿ ಇದ್ದಾಗ ಸುಮಾರು 425 ಗ್ರಾಂ. ಅದರ ಮೇಲೆ 5 ಕೆಜಿ ಬಲ ಹಾಕುತ್ತೀರಿ. ವಸ್ತುವಿನ ತೂಕದ ಹತ್ತು ಪಟ್ಟು ಮೀರಿದ ಎಳೆತ. ಹಿಡಿತ ಸ್ವಲ್ಪ ಸಡಿಲವಿದ್ದರೂ ಬಾಯಿ ಕೆಳಕ್ಕೋ ಪಕ್ಕಕ್ಕೋ ವಾಲದೆ ಇನ್ನೇನು ಮಾಡೀತು? ಬ್ಯಾರಲ್ ಬೇರೆ ಎರಡು ಇಂಚೂ ಇಲ್ಲ. ಹಿಂದಿನ ಗುರಿಗಂಡಿಗೂ ಮುಂದಿನ ಗುರಿಮೊಳೆಗೂ ನಡುವೆ ಅಂತರ ಇಷ್ಟೇ ಇಷ್ಟು, ಹಾಗಾಗಿ ಕೂದಲೆಳೆ ತಪ್ಪೂ ಗುರಿಯ ಹತ್ತಿರ ಗೇಣಾಗುತ್ತದೆ. 'ಚಿಕ್ಕದು, ಹೊಸಬರಿಗೆ ಸುಲಭ' ಅಂತ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೆಂಡತಿಗೆ ಅಂತ ಅತಿ ಹಗುರದ್ದನ್ನೇ ಆರಿಸಿ ಕೊಡುವ ಗಂಡಂದಿರಿಗೂ ಈ ಮಾತು ಸೇರುತ್ತದೆ. ಮೊದಲು ಅದರಲ್ಲಿ ನೀವು ಐವತ್ತು ಗುಂಡು ಹೊಡೆದು ಅಂಗೈ ನೋಡಿಕೊಳ್ಳಿ. ಆಮೇಲೆ ಅವರನ್ನೇ ಕೇಳಿ, ಯಾವುದು ಬೇಕು ಅಂತ.

ಹಿಡಿತ ಹೀಗಿರಲಿ. ಅಂಗೈ ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ. ಹೆಬ್ಬೆರಳು ಕೆಳಕ್ಕೆ ಬಾಗಿ ಬಿಗಿಯಾಗಿ. ಇನ್ನೊಂದು ಕೈಯ ಬೆರಳು ಸಿಲಿಂಡರಿನ ಮುಂಭಾಗಕ್ಕೆ ಹೋಗಲೇಬಾರದು. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವೆ ಇರುವ ಸಂದಿನಿಂದ ಕಾದ ಗಾಳಿ ಬ್ಲೇಡಿನ ಹಾಗೆ ನುಗ್ಗುತ್ತದೆ. ಪಿಸ್ತೂಲಿಗೆ ಪಳಗಿದವರು ಇಲ್ಲೇ ಬೆರಳು ಸುಟ್ಟುಕೊಳ್ಳುವುದು. ಟ್ರಿಗರ್ ಮೇಲೆ ಬೆರಳ ತುದಿ ಸಾಲದಿದ್ದರೆ ಮೊದಲ ಗೆಣ್ಣಿನ ತನಕ ಒಳಗೆ ತನ್ನಿ. ಎಳೆತ ಒಂದೇ ಸಮನೆ ಇರಲಿ, ನಡುವೆ ನಿಲ್ಲಿಸಿ 'ಈಗ ಬಿಡ್ತೀನಿ' ಅಂತ ಕಾಯಬೇಡಿ. ಬಿಡುವಾಗ ಪೂರ್ತಿ ಮುಂದಕ್ಕೆ ಬಿಡಿ. ಕಿರುಬೆರಳಿಗೆ ಜಾಗ ಸಾಲದಿದ್ದರೆ ಹಿಡಿ ಬದಲಾಯಿಸಿಕೊಳ್ಳಿ. ಹೊಸ ರಿವಾಲ್ವರಿಗೆ ನಾನು ಒಪ್ಪುವ ಬದಲಾವಣೆ ಅದೊಂದೇ.

ಖಾಲಿ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ತೋಟಾ ಬೇರೆ ಕೋಣೆಯಲ್ಲಿರಬೇಕು. ಐದೂ ಮನೆಗಳನ್ನು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ಗುಂಡು ತಡೆಯುವಂಥ ಗೋಡೆಯ ಕಡೆಗೆ ಮುಖ ಮಾಡಿ, ಆಚೆ ಯಾರಿದ್ದಾರೆ ಅಂತ ತಿಳಿದಿರಲಿ. ನಕಲಿ ತೋಟಾ ಹಾಕಿಕೊಂಡರೆ ಒಳ್ಳೆಯದು, ತೋಟಾದ ಅಂಚಿಗೆ ಪೆಟ್ಟು ಬೀಳುವ .22 ರಿಮ್‌ಫೈರ್ ಆದರೆ ಅದಿಲ್ಲದೆ ಎಳೆಯಲೇಬೇಡಿ. ಬ್ಯಾರಲ್ ಮೇಲೆ ಒಂದು ನಾಣ್ಯ ನಿಲ್ಲಿಸಿ, ಅದು ಬೀಳದ ಹಾಗೆ ಎಳೆಯಿರಿ. ಮೊದಲ ದಿನ ನಾಣ್ಯ ಹೆಕ್ಕುವುದೇ ಕೆಲಸವಾಗುತ್ತದೆ. ಒಂದೆರಡು ತಿಂಗಳು ಬಿಡದೆ ಮಾಡಿದವರು ಸ್ಪ್ರಿಂಗಿನ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ಅಭ್ಯಾಸ ಮುಗಿಯಿತೋ, ಮುಗಿಯಿತು. ತೋಟಾ ತುಂಬಿದ ಮೇಲೆ 'ಇನ್ನೊಂದೇ ಒಂದ್ಸಲ' ಅಂತ ಕೈ ಹಾಕಬೇಡಿ. ಟೀವಿಗೆ, ಕಪಾಟಿಗೆ, ಪಕ್ಕದ ಕೋಣೆಗೆ ಗುಂಡು ಹೋಗುವುದು ಆ ಒಂದ್ಸಲದಲ್ಲೇ. ನನ್ನ ಹಳೆಯ ಕೋಣೆಯ ಗೋಡೆಯಲ್ಲೂ ಒಂದು ತೂತಿತ್ತು. ಯಾರು ಮಾಡಿದ್ದು ಅಂತ ಕೇಳಬೇಡಿ.

ಪ್ರಶ್ನೆ: ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದಿಟ್ಟುಕೊಂಡರೆ ಟ್ರಿಗರ್ ಹಗುರ ಆಗುತ್ತಲ್ಲ, ಮತ್ತೆ ಈ ಕಷ್ಟ ಯಾಕೆ?

ಕಾಗದದ ಗುರಿಗೆ ಮಾಡಿ, ಬೇಡ ಅನ್ನುವುದಿಲ್ಲ. ಆತ್ಮರಕ್ಷಣೆಗೆ ಬೇಡ. ನಡುಗುವ ಕೈ, ಚೂರು ಮುಟ್ಟಿದರೆ ಹಾರುವ ಟ್ರಿಗರ್, ಎದುರಿಗೆ ಮನುಷ್ಯ. ಅವನು ಓಡಿಹೋದ ಅಂತಿಟ್ಟುಕೊಳ್ಳಿ. ಈಗ ತೋಟಾ ತುಂಬಿದ ರಿವಾಲ್ವರಿನ ಹ್ಯಾಮರನ್ನು ಅದೇ ನಡುಗುವ ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಬೇಕು. ಮಾಡ್ತೀರಾ? ಹ್ಯಾಮರ್ ಒಳಗೇ ಅಡಗಿರುವ ಮಾದರಿಗಳು ಹುಟ್ಟಿದ್ದು ಸುಮ್ನೆ ಅಲ್ಲ. ಸ್ಮಿತ್ ಆಂಡ್ ವೆಸನ್ ಕಂಪನಿ ತನ್ನ ನೂರನೇ ವರ್ಷಕ್ಕೆ, 1952ರಲ್ಲಿ, ತಂದ ಸೆಂಟೆನಿಯಲ್ ಅಂಥದ್ದೇ. ಅದು ಬಟ್ಟೆಗೂ ಸಿಕ್ಕಿಕೊಳ್ಳುವುದಿಲ್ಲ, ಎಳೆದಿಡುವ ಚಪಲಕ್ಕೂ ಎಡೆ ಕೊಡುವುದಿಲ್ಲ.

ಪ್ರಶ್ನೆ: ಪ್ಯಾಂಟಿನ ಜೇಬಿನಲ್ಲಿ ಹಾಗೇ ಇಟ್ಟುಕೊಂಡು ಓಡಾಡಬಹುದಾ?

ಹಾಗೇ ಇಟ್ಟುಕೊಳ್ಳಬಾರದು. ಟ್ರಿಗರ್ ಕಾವಲನ್ನು, ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು, ಪೂರ್ತಿ ಮುಚ್ಚುವ ಜೇಬಿನ ಹೋಲ್‌ಸ್ಟರ್ (ಒರೆ) ಬೇಕು. ರಿವಾಲ್ವರ್ ಎಳೆದಾಗ ಅದು ಜೇಬಿನಲ್ಲೇ ಉಳಿಯಬೇಕು, ಜೊತೆಗೇ ಹೊರಗೆ ಬರುವಂಥದ್ದು ಪ್ರಯೋಜನವಿಲ್ಲ. ಆ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ, ಪೆನ್ನು ಏನೂ ಇರಕೂಡದು. ಬೆವರು ಉಕ್ಕಿನ ಶತ್ರು, ಬಟ್ಟೆಯ ಎಳೆಗಳು ಒಳಗಿನ ಯಂತ್ರದ ಶತ್ರು. ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ. ಕೂತಿರುವಾಗ ಜೇಬಿನಿಂದ ತೆಗೆಯಲು ಆಗುತ್ತದಾ ಅಂತ ಖಾಲಿ ರಿವಾಲ್ವರಿನಲ್ಲಿ ಒಮ್ಮೆ ನೋಡಿ. ಬಹಳ ಜನಕ್ಕೆ ಆಗುವುದಿಲ್ಲ.

1920ರ ದಶಕದಲ್ಲಿ ಕೋಲ್ಟ್ ಕಂಪನಿಯ ಫಿಟ್ಜ್‌ಜೆರಾಲ್ಡ್ ಎಂಬಾತ ಬೇಗ ಬೆರಳು ಹೋಗಲಿ ಅಂತ ಟ್ರಿಗರ್ ಕಾವಲಿನ ಮುಂಭಾಗವನ್ನೇ ಕತ್ತರಿಸಿ ಜೇಬು ರಿವಾಲ್ವರ್ ಮಾಡಿಕೊಡುತ್ತಿದ್ದ. ಅದರ ಚಿತ್ರ ನೋಡಿ 'ನನಗೂ ಹಾಗೆ ಮಾಡಿಕೊಡಿ' ಅಂತ ಬರುವವರಿಗೆ ನಾನು ಬಾಗಿಲು ತೋರಿಸುತ್ತೇನೆ.

ಪ್ರಶ್ನೆ: .38 ತೋಟಾದ್ದು ಸಾಲದು, ಅತಿ ಹಗುರವಾದ .357 ಮ್ಯಾಗ್ನಮ್ ತೋಟಾದ ರಿವಾಲ್ವರ್ ತಗೊಳ್ಳಲಾ?

ನಿಮ್ಮ ಮಣಿಕಟ್ಟಿನ ಮೇಲೆ ನಿಮಗೆ ಏನು ದ್ವೇಷ? .38 ಸ್ಪೆಷಲ್‌ಗೆ ಹೋಲಿಸಿದರೆ .357 ತೋಟಾದ ಒಳಗಿನ ಒತ್ತಡದ ಮಿತಿ ಎರಡು ಪಟ್ಟು. ಗಿಡ್ಡ ಬ್ಯಾರಲ್ಲಿನಲ್ಲಿ ಮದ್ದಿನ ಒಂದು ಪಾಲು ಹೊರಗೆ ಬೆಂಕಿಯಾಗಿ, ಸದ್ದಾಗಿ ಹೋಗುತ್ತದೆ. ಧಕ್ಕೆ ಮಾತ್ರ ಪೂರ್ತಿ ನಿಮ್ಮದೇ. ಅತಿ ಹಗುರದ ರಿವಾಲ್ವರಿನಲ್ಲಿ ಇನ್ನೊಂದು ಕಾಟ ಇದೆ: ಧಕ್ಕೆಗೆ ಉಳಿದ ತೋಟಾಗಳಲ್ಲಿನ ಗುಂಡು ಮುಂದಕ್ಕೆ ಜರುಗುತ್ತದೆ. ಜಾಸ್ತಿ ಜರುಗಿದರೆ ಸಿಲಿಂಡರಿನಿಂದ ಹೊರಗೆ ಚಾಚಿ, ಅದು ತಿರುಗದ ಹಾಗೆ ತಡೆಯುತ್ತದೆ. ನೀವು ಬಳಸುವ ತೋಟಾವನ್ನು ಹೀಗೆ ಪರೀಕ್ಷೆ ಮಾಡಿ: ಐದನೆಯದರ ಉದ್ದ ಅಳೆದು ಗುರುತಿಡಿ, ನಾಲ್ಕು ಹೊಡೆಯಿರಿ, ಐದನೆಯದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದವಾಗಿದ್ದರೆ ಆ ತೋಟಾ ನಿಮ್ಮ ರಿವಾಲ್ವರಿಗಲ್ಲ.

ಪ್ರಶ್ನೆ: 'ಟಕ್' ಅಂದರೆ ಏನು ಮಾಡಬೇಕು?

ಜೀವಕ್ಕೆ ಬಂದಾಗ, ಮತ್ತೆ ಎಳೆಯುವುದು. ರಿವಾಲ್ವರಿನ ದೊಡ್ಡ ಗುಣವೇ ಅದು. ಅಭ್ಯಾಸದಲ್ಲಾದರೆ ಎಳೆಯಬಾರದು, ತೆರೆಯಲೂಬಾರದು. ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತುವ ತೋಟಾ ಬ್ಯಾರಲ್ಲಿನ ನೇರ ಬಿಟ್ಟು ಪಕ್ಕಕ್ಕೆ ತಿರುಗಿರುವಾಗ ಹಾರಿದರೆ ಗುಂಡಿಗೆ ದಾರಿ ಇರುವುದಿಲ್ಲ. 'ಪುಸ್' ಅನ್ನುವ ಮೆಲ್ಲನೆ ಸದ್ದು ಬಂದರೆ ಅವತ್ತಿನ ಆಟ ಮುಗಿಯಿತು. ಗುಂಡು ಬ್ಯಾರಲ್ಲಿನಲ್ಲೇ ಸಿಕ್ಕಿಕೊಂಡಿರಬಹುದು.

ಉಳಿದವು ಬೇಗ ಬೇಗ.

ಹ್ಯಾಮರಿನ ಕೆಳಗೆ ಒಂದು ಮನೆ ಖಾಲಿ ಬಿಡಬೇಕಾ? ನೂರು ವರ್ಷ ಹಿಂದಿನ ಕೌಬಾಯ್ ಮಾದರಿಯಾದರೆ ಹೌದು. ಟ್ರಿಗರ್ ಎಳೆಯದೆ ಹ್ಯಾಮರಿನ ಪೆಟ್ಟು ತೋಟಾಕ್ಕೆ ತಾಗದ ಹಾಗೆ ತಡೆಯುವ ಟ್ರಾನ್ಸ್‌ಫರ್ ಬಾರ್ ಅಥವಾ ಹ್ಯಾಮರ್ ಬ್ಲಾಕ್ ಇರುವ ಈಗಿನದಕ್ಕೆ ಬೇಡ.

ಎದುರಿನವನು ಗುಂಡು ಬಿದ್ದ ರಭಸಕ್ಕೆ ಹಿಂದಕ್ಕೆ ಹಾರಿ ಬೀಳ್ತಾನಾ? ಹಾಗೆ ಹಾರಿಸುವ ಗುಂಡು ನಿಮ್ಮನ್ನೂ ಹಿಂದಕ್ಕೆ ಹಾರಿಸಬೇಕಲ್ವಾ?

ಹೆದರಿಸಲು ಗಾಳಿಯಲ್ಲಿ ಒಂದು ಹೊಡೆಯಬಹುದಾ? ಮೇಲೆ ಹೋದ ಗುಂಡು ಎಲ್ಲೋ ಇಳಿಯುತ್ತದೆ, ಅಲ್ಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಬೇಡ.

ದಿಂಬಿನ ಕೆಳಗೆ? ನಿದ್ದೆಗಣ್ಣಿನಲ್ಲಿ ಬೆರಳಿಗೆ ಮೊದಲು ಸಿಗುವುದು ಟ್ರಿಗರ್. ಬೀಗ ಇರುವ ಪೆಟ್ಟಿಗೆಯಲ್ಲಿ ಇಡಿ. ಮಕ್ಕಳಿಗೆ ನೀವು ಬಚ್ಚಿಟ್ಟ ಜಾಗ ಗೊತ್ತಿಲ್ಲ ಅಂತ ನಂಬಿರುವ ಅಪ್ಪ ಅಮ್ಮಂದಿರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಮನೆಯಲ್ಲಿ ಯಾರದಾದರೂ ಮನಸ್ಸು ತೀರಾ ಕುಗ್ಗಿದೆ ಅನ್ನಿಸಿದರೆ ಬೀಗವೂ ಸಾಲದು. ಕಾನೂನು ಒಪ್ಪುವ ಬೇರೆ ಜಾಗಕ್ಕೆ ಅದನ್ನು ಸಾಗಿಸಿ, ಇವತ್ತೇ.

ಮಣಿಕಟ್ಟು ಜಾಡಿಸಿ ಸಿಲಿಂಡರನ್ನು ಟಪ್ ಅಂತ ಮುಚ್ಚಬಹುದಾ? ಸಿನಿಮಾದವರು ಇನ್ನೊಂದು ತರಿಸಿಕೊಳ್ಳುತ್ತಾರೆ. ನಿಮ್ಮದರಲ್ಲಿ ಸಿಲಿಂಡರನ್ನು ಹಿಡಿದಿರುವ ತೋಳು ಬಾಗುತ್ತದೆ, ಆಮೇಲೆ ಸಿಲಿಂಡರ್ ನೇರಕ್ಕೆ ಕೂರುವುದಿಲ್ಲ.

ನೀವು ಯಾವುದು ಇಟ್ಟುಕೊಳ್ತೀರಿ ಸರ್? ಉಕ್ಕಿನ ಮೈ, .38, ಐದು ಗುಂಡು, ಒಳಗಡಗಿದ ಹ್ಯಾಮರ್. ಟ್ರಿಗರ್ ಕಾರ್ಖಾನೆಯಿಂದ ಬಂದ ಹಾಗೇ ಇದೆ. ಮದುವೆ ಮನೆಗೆ, ಪಾರ್ಟಿಗೆ, ಸಿಟ್ಟು ಬಂದಿರುವ ದಿನ ಅದು ಪೆಟ್ಟಿಗೆಯಲ್ಲೇ ಇರುತ್ತದೆ. ಈ ಪತ್ರಗಳನ್ನು ಓದುವ ದಿನವೂ.