ಮೊಬೈಲ್ ಮನೆಯಲ್ಲಿದೆ ಸರಿ, ಯಾರ ಕೈಯಲ್ಲಿದೆ?

"ಎಲ್ಲರ ಮನೆಯಲ್ಲೂ ಮೊಬೈಲ್ ಇದೆ, ಪಾಠಗಳೆಲ್ಲ ಯೂಟ್ಯೂಬಲ್ಲಿ ಫ್ರೀ. ಹಾಗಿದ್ದೂ ಹಳ್ಳಿ ಮಕ್ಕಳಿಗೆ ಓದೋಕೆ ಅವಕಾಶ ಇಲ್ಲ ಅನ್ನೋದು ನೆಪ ಅಲ್ವಾ?" ಎಂದು ಕೇಳಿದ್ದೀರಿ.

ನಮ್ಮ ಮನೆಯಲ್ಲೂ ಮೊಬೈಲ್ ಇತ್ತು. 2020ರಲ್ಲಿ ಶಾಲೆ ಮುಚ್ಚಿದಾಗ ನಾನು ಒಂಬತ್ತನೇ ಕ್ಲಾಸು. ಮೊಬೈಲ್ ಬೆಳಿಗ್ಗೆ ಅಪ್ಪನ ಜೇಬಲ್ಲಿ ಗಾರೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ವಾಪಸ್ ಬರುತ್ತಿತ್ತು. ಆಮೇಲೆ ತಮ್ಮನ ಸರದಿ. ನನ್ನ ಕೈಗೆ ಬರುವಷ್ಟರಲ್ಲಿ ಒಂದೋ ಚಾರ್ಜ್ ಇಲ್ಲ, ಇಲ್ಲವೇ ಆ ದಿನದ ಡೇಟಾ ಖಾಲಿ.

ಅದೇ ನವೆಂಬರಲ್ಲಿ ಹಳ್ಳಿ ಮಕ್ಕಳನ್ನು ಓದಿಗೆ ಹಚ್ಚುವ ಸರ್ಕಾರದ ಕಾರ್ಯಕ್ರಮ 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದವರಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಕಾರ್ಡೇನೋ ಮಾಡಿಸಿದೆ. ಆದರೆ ನಮ್ಮೂರ ಗ್ರಂಥಾಲಯ ಅಂದರೆ ಒಂದೇ ಕೋಣೆ, ಒಂದೇ ಟೇಬಲ್. ಪೇಪರಿನ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿ, ಸುತ್ತ ಬರೀ ಗಂಡಸರು. ಬೀರುವಿಗೆ ಬೀಗ ಬೇರೆ. ಮೊದಲ ದಿನ ಬಾಗಿಲಲ್ಲಿ ಸುಮ್ನೆ ನಿಂತು, ಯಾರನ್ನೋ ಹುಡುಕುವವಳ ಹಾಗೆ ಇಣುಕಿ ಮನೆಗೆ ಬಂದೆ.

ಅದನ್ನು ಸರಿ ಮಾಡಿದವರು ಅಲ್ಲಿನ ಮೇಲ್ವಿಚಾರಕರು. ಪೇಪರ್ ಓದುವವರಿಗೆ ಹೊರಗೆ ಜಗುಲಿಯಲ್ಲಿ ಬೆಂಚು ಹಾಕಿಸಿದರು. ಬೀರುವಿನ ಬೀಗ ತೆಗೆದರು. ಸಂಜೆ ಎರಡು ತಾಸು ಒಳಗೆ ಮಕ್ಕಳು ಮಾತ್ರ. ಅಷ್ಟೇ! ಮರುವಾರದಿಂದ ನಾವು ನಾಲ್ಕು ಹುಡುಗಿಯರು ದಿನಾ ಹೋದೆವು. ನೀವು ಹೇಳುವ ಯೂಟ್ಯೂಬಲ್ಲೇ ತ್ರಿಕೋನಮಿತಿ ಕಲಿತದ್ದು ಕೂಡ ಅಲ್ಲೇ, ಗೆಳತಿಯ ಅಣ್ಣನ ಮೊಬೈಲಿಗೆ ನಾಲ್ಕು ತಲೆ ಸೇರಿಸಿಕೊಂಡು.

ಇನ್ನು 'ಫ್ರೀ' ಅನ್ನೋ ಮಾತು. ಪಂಚಾಯಿತಿಯ ಮನೆ ಕಂದಾಯದ ರಸೀದಿ ಸಿಕ್ಕರೆ ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಸಾಲಿನಲ್ಲೇ ಗ್ರಂಥಾಲಯ ಕರ ಅಂತ ಇರುತ್ತದೆ, ಕಂದಾಯದ ನೂರು ರೂಪಾಯಿಗೆ 6. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಅಪ್ಪ ವರ್ಷಾ ವರ್ಷ ಕಟ್ಟಿದ್ದಾರೆ, ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಕಾಸು ಕೊಟ್ಟಾದ ಮೇಲೆ ಮಗಳು ಕೂರೋಕೆ ಜಾಗ ಕೇಳಿದರೆ ಅದು ನೆಪವಾ?

ನಿಮ್ಮೂರಿನ ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆ, ಒಮ್ಮೆ ವಿಚಾರಿಸಿ. ಶಾಲೆ ಬಿಡುವ ಹೊತ್ತಿಗೇ ಬೀಗ ಬೀಳುತ್ತಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ ಇರುತ್ತಾರೆ.