ಚಿಕ್ಕಬಳ್ಳಾಪುರದ ಕಡೆ ಭೂಮಿ ನಡುಗುತ್ತಿದೆ, ಹಳೆ ಮನೆ ಬಿಟ್ಟು ಬೆಂಗಳೂರಿಗೆ ಹೋಗಬೇಕಾ?

ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿ, ರಾತ್ರಿ ಗುಡುಗಿದ ಹಾಗೆ ಸದ್ದು, ಅಟ್ಟದ ಮೇಲಿನ ಪಾತ್ರೆ ಅಲುಗಿದ್ದು, ಬೆಳಗ್ಗೆ ಎದ್ದು ನೋಡಿದರೆ ಗೋಡೆಯಲ್ಲಿ ಬಿರುಕು ಅಂತ ನೀವು ಬರೆದಿದ್ದೀರಿ. ಮನೆ ಗಟ್ಟಿ ಮಾಡಿಸಬೇಕಾ, ಬೆಂಗಳೂರಿಗೆ ಹೋಗಿಬಿಡಬೇಕಾ, ಮತ್ತೆ ನಡುಗಿದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಇದು ನೀವೇ ಬರೆದಿದ್ದಲ್ವಾ?" ಅಂದಳು. ಮನೆ ಗಟ್ಟಿ ಮಾಡಿಸಲು ಎರಡು ಲಕ್ಷ ಕೂಡಿಸಿಟ್ಟಿದ್ದೀನಿ ಅಂತ ಬೇರೆ ಬರೆದಿದ್ದೀರಿ. ಆ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ. ಮೊದಲು ನನ್ನ ಕಥೆ ಕೇಳಿ.

ನಮ್ಮೂರು ಮಂಡಿಕಲ್ ಕಡೆ. 2021ರ ಡಿಸೆಂಬರ್ 22, ಬುಧವಾರ. ಡೈರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆಯುತ್ತಿದ್ದೆ. 'ಧಡ್' ಅಂತ ಒಂದು ಸದ್ದು. ಕಾಲ ಕೆಳಗೆ ಯಾರೋ ಗೋಣಿಚೀಲ ಎಳೆದ ಹಾಗಾಯಿತು. ಭೂಕಂಪ ಅನ್ನೋದು ಯಾರ ತಲೆಗೂ ಬರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ವಾರಿ. ಅದೇ ವರ್ಷ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಸ್ಫೋಟವಾಗಿ ಆರು ಜನ ಸತ್ತಿದ್ದರು. ಅದು ಇನ್ನೂ ಯಾರಿಗೂ ಮರೆತಿರಲಿಲ್ಲ. "ಮತ್ತೆ ಎಲ್ಲೋ ಸಿಡಿಸಿದ್ರು" ಅಂತ ಬೈಯುತ್ತಾ ನಿಂತಿರುವಾಗಲೇ ಐದು ನಿಮಿಷಕ್ಕೆ ಇನ್ನೊಂದು ಬಂತು. ಈ ಸಲ ಹಸುಗಳು ಹಗ್ಗ ಜಗ್ಗಿದವು. ಆಮೇಲೆ ಟಿವಿಯಲ್ಲಿ ಬಂತು: ಬೆಳಗ್ಗೆ 7.09ಕ್ಕೆ 2.9 ತೀವ್ರತೆಯ ಭೂಕಂಪ, 7.14ಕ್ಕೆ 3.0 ತೀವ್ರತೆಯದು. ಮಾರನೇ ದಿನ ಮಧ್ಯಾಹ್ನ 2.16ಕ್ಕೆ ಮತ್ತೊಂದು, 3.6.

ಅದಕ್ಕಿಂತ ಒಂದು ತಿಂಗಳ ಹಿಂದಿನ ಮಳೆ ನಿಮಗೂ ನೆನಪಿರಬೇಕು. ನವೆಂಬರ್ ಪೂರ್ತಿ ಸುರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಶ್ರೀನಿವಾಸಸಾಗರದ ಕಟ್ಟೆ ಮೇಲಿಂದ ನೀರು ಬೀಳುವುದನ್ನು ನೋಡಲು ಬೆಂಗಳೂರಿನವರು ಕಾರು ತಗೊಂಡು ಬಂದರು. 1,200 ಅಡಿ ಕೊರೆಸಿದರೂ ಧೂಳು ಬಂದಿದ್ದ ನಮ್ಮ ಬೋರ್‌ವೆಲ್‌ನ ಪೈಪಿನಿಂದ ಮೋಟಾರ್ ಹಾಕದೇ ನೀರು ಜಿನುಗಿತು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಆ ನೀರೇ ಬಂಡೆಯ ಸಂದುಗಳಿಗೆ ಇಳಿದು, ಒಳಗಿನ ಒತ್ತಡ ಹೆಚ್ಚಾಗಿ, ಹಳೆ ಬಿರುಕುಗಳು ಚೂರು ಜರುಗಿ ಇಂಥ ಸಣ್ಣ ನಡುಕ ಬರುತ್ತವೆ ಅಂತ ಆಮೇಲೆ ತಿಳಿದವರು ಹೇಳಿದರು. ದೇವರ ದಯೆ ಅಂತ ಪೂಜೆ ಮಾಡಿದ ನೀರೇ ನೆಲ ಅಲುಗಿಸಿತು ಅಂದರೆ ಅಮ್ಮ ಇವತ್ತಿಗೂ ಒಪ್ಪಲ್ಲ.

ಮೂರನೆಯದು ಬಂದ ಮೇಲೆ ಊರಲ್ಲಿ ಯಾರೂ ಒಳಗೆ ಮಲಗಲಿಲ್ಲ. ರಾತ್ರಿ 12ಕ್ಕೆ ದೊಡ್ಡದು ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಓಡಾಡುತ್ತಿತ್ತು. ಗಂಟೆ ನೋಡಿ ಭೂಕಂಪ ಹೇಳುವವನು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ, ಆದರೆ ಆ ಹೊತ್ತಿಗೆ ಯಾರಿಗೆ ಬುದ್ಧಿ ಇರುತ್ತೆ? ಡಿಸೆಂಬರ್ ಚಳಿಯಲ್ಲಿ ಗುಡಿ ಮುಂದೆ ಟಾರ್ಪಾಲಿನ್ ಕಟ್ಟಿಕೊಂಡು ಒಂಬತ್ತು ರಾತ್ರಿ ಮಲಗಿದೆವು. ಮಗನಿಗೆ ಕೆಮ್ಮು ಹಿಡಿದು ಎದೆ ಗೊರಗೊರ ಅನ್ನಲು ಶುರುವಾಯಿತು.

ನಮ್ಮ ಮಾವ ಕೆಜಿಎಫ್‌ನವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಒಳಗೆ ಇಳಿದವರು. ಅಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ತೋಡಿದ್ದರು. ಅಷ್ಟು ಆಳದಲ್ಲಿ ಬಂಡೆ ಭಾರ ತಾಳಲಾರದೆ ತಾನಾಗೇ ಸಿಡಿಯುತ್ತಿತ್ತು. ಮೇಲೆ ಊರಲ್ಲಿ ಮನೆಗಳೇ ಅಲುಗಾಡುತ್ತಿದ್ದವಂತೆ. ಫೋನ್ ಮಾಡಿ ನಮ್ಮ ಗೋಳು ಹೇಳಿಕೊಂಡರೆ ಅವರು ನಕ್ಕುಬಿಟ್ಟರು. "ಅಳಿಯಂದ್ರೇ, ನಿಮ್ಮತ್ತೆ ಅಂಥ ನಡುಕದಲ್ಲೇ ಸಾರು ಕುದಿಸ್ತಿದ್ಲು. ನೆಲ ಬಿಡಿ, ಗೋಡೆ ನೋಡ್ಕೊಳ್ಳಿ" ಅಂದರು. ಗೋಡೆ ನೋಡ್ಕೊಳ್ಳಿ ಅಂದಿದ್ದನ್ನು ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರಾಗಬೇಡಿ.

ನಮ್ಮ ಕೊಟ್ಟಿಗೆ ಅಜ್ಜನ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಚಪ್ಪಡಿ. ಗೊಂತಿನ ಹಿಂದಿನ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ಬಿರುಕು ಕಂಡಿತು. ಭೂಕಂಪದಿಂದಲೇ ಬಿಟ್ಟಿದೆ ಅಂತ ನಾನು ತೀರ್ಮಾನ ಮಾಡಿದೆ. "ಅದು ಕಾರ್ತೀಕದಲ್ಲೇ ಇತ್ತು ಕಣೋ, ಮಳೆಗೆ ಬಿಟ್ಟಿದ್ದು" ಅಂತ ಅಮ್ಮ ಹೇಳಿದಳು. ನಾನು ಕೇಳಲಿಲ್ಲ. ಬಿರುಕಿನ ಒಳಗೆ ಟಾರ್ಚ್ ಬಿಟ್ಟು ನೋಡಿದವನೂ ನಾನೇ, ಒಳಗೆ ಜೇಡರ ಬಲೆ ಇದ್ದದ್ದನ್ನು ನೋಡಿದವನೂ ನಾನೇ. ಎರಡು ದಿನದ ಹಿಂದೆ ಬಿಟ್ಟ ಬಿರುಕಲ್ಲಿ ಧೂಳು ಹಿಡಿದ ಬಲೆ ಹೇಗಿರುತ್ತೆ? ಹೊಸ ಬಿರುಕಾದರೆ ಅಂಚು ಮುರಿದ ರೊಟ್ಟಿಯ ಹಾಗೆ ಚೂಪಾಗಿ, ಮಣ್ಣು ತಿಳಿ ಬಣ್ಣಕ್ಕೆ ಇರುತ್ತೆ. ಇದರ ಅಂಚು ಸವೆದು ಕಪ್ಪಾಗಿತ್ತು. ಕಣ್ಣಿಗೆ ಕಂಡಿತ್ತು, ತಲೆಗೆ ಹತ್ತಲಿಲ್ಲ. ಟಿವಿಯಲ್ಲಿ ದಿನವಿಡೀ ಭೂಕಂಪ, ಭೂಕಂಪ ಅಂತಿದ್ದರೆ ಗೆದ್ದಲು ತಿಂದ ತೊಲೆ ಕೂಡ ಭೂಕಂಪದ್ದೇ ಅನಿಸುತ್ತೆ.

ಸಂಕ್ರಾಂತಿ ಮುಗಿಸಿ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. "ಜಾಲರಿ ಹೊಡೆದು ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಬಿಡೋಣ, ಕಲ್ಲಾಗುತ್ತೆ" ಅಂದ. ಮಾಡಿಸಿದೆ. 41,000 ರೂಪಾಯಿ ಆಯಿತು. ಸಿಮೆಂಟ್ ಹಸಿ ಇರುವಾಗಲೇ ಮೊಳೆಯಲ್ಲಿ ಅದರ ಮೇಲೆ ತಾರೀಖು ಗೀಚಿದೆ, 19-1-2022. ಅಷ್ಟು ಖುಷಿ.

ಮಣ್ಣಿನ ಗೋಡೆ ಹೇಗೆ ಬದುಕುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಅಮ್ಮ ಕೆಮ್ಮಣ್ಣು ಮೆತ್ತಿ ಸಗಣಿ ಸಾರಿಸುವುದನ್ನು ಹುಟ್ಟಿದಾಗಿಂದ ನೋಡಿದ್ದೇನೆ. ಗೋಡೆಗೆ ನೀರು ಬರುವುದು ಮೇಲಿಂದ ಮಾತ್ರ ಅಲ್ಲ. ಬುಡದಿಂದ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮೇಲಕ್ಕೆ ಏರುತ್ತೆ. ಕೊಟ್ಟಿಗೆಯಲ್ಲಂತೂ ಕೇಳಲೇಬೇಡಿ, ಹೊರಗೆ ಸೂರಿನ ನೀರು, ಒಳಗೆ ಗಂಜಲ. ಬರಿ ಮಣ್ಣಾದರೆ ಬಿಸಿಲು ಬಂದಾಗ ಎರಡು ಕಡೆಯಿಂದಲೂ ಆರುತ್ತೆ. ಸಿಮೆಂಟ್ ಹೊದಿಸಿದರೆ ಬುಡದಿಂದ ನೀರು ಏರುವುದು ನಿಲ್ಲಲ್ಲ, ಆರುವುದು ಮಾತ್ರ ನಿಲ್ಲುತ್ತೆ. ಸಿಮೆಂಟಿನಲ್ಲಿ ಒಂದು ಕೂದಲೆಳೆ ಸೀಳು ಬಿಟ್ಟರೆ ಮಳೆ ನೀರೂ ಒಳಗೆ ಸೇರುತ್ತೆ, ಹೊರಗೆ ಬರಲು ದಾರಿ ಇರಲ್ಲ. ಒಳಗಿನ ಮಣ್ಣು ಅಂಬಲಿಯಾಗುತ್ತೆ. ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ಮಣ್ಣಿನ ಗೋಡೆ ಬೀಳುವ ಮುಂಚೆ ಹೇಳುತ್ತೆ. ಬುಡ ಉದುರುತ್ತೆ, ನಡು ಉಬ್ಬುತ್ತೆ, ಬಿರುಕು ಅಗಲವಾಗುತ್ತೆ. ನಾನು ಆ ಬಾಯಿಗೇ ಸಿಮೆಂಟ್ ಮೆತ್ತಿದ್ದೆ. ಹೊರಗಿನಿಂದ ನೋಡಿದರೆ ಬ್ಯಾಂಕಿನ ಕಟ್ಟಡದ ಹಾಗೆ ನುಣ್ಣಗೆ ನಿಂತಿತ್ತು.

2022ರಲ್ಲೂ ಮಳೆ ಬಿಡಲಿಲ್ಲ, ನಿಮಗೆ ಗೊತ್ತು. ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಇನ್ನೊಂದು ವಾರ ಇದೆ ಅನ್ನುವಾಗ, ಬೆಳಗಿನ ಜಾವ ನಾಲ್ಕೂವರೆಗೆ ಗೋಡೆ ಕೂತುಬಿಟ್ಟಿತು. ಬಿತ್ತು ಅನ್ನಲ್ಲ, ಕೂತಿತು. ಬುಡದ ಎರಡು ಅಡಿ ಮಣ್ಣು ಕೆಸರಾಗಿ ಜಾರಿ, ಮೇಲಿನ ಮೂರು ಚಪ್ಪಡಿ ಒಳಕ್ಕೆ ಬಂದವು. ಅವತ್ತು ನೆಲ ಒಂದು ಚೂರೂ ಅಲುಗಿರಲಿಲ್ಲ. ಎರಡು ಸೀಮೆ ಹಸು ಇದ್ದವು. ಬಾಗಿಲ ಕಡೆ ಕಟ್ಟಿದ್ದು ಉಳಿಯಿತು. ಗೊಂತಿನ ಕಡೆಯದು, ಗೌರಿ, ದಿನಕ್ಕೆ 14 ಲೀಟರ್ ಕೊಡುತ್ತಿತ್ತು, ಆರು ತಿಂಗಳ ಗಬ್ಬ. ಜೆಸಿಬಿ ಬರುವವರೆಗೂ ಉಸಿರಾಡುತ್ತಿತ್ತು. ಆ ಕಡೆಯ ವಿಷಯ ಇನ್ನು ಬರೆಯಲ್ಲ.

ಮಣ್ಣು ತೆಗೆಯುವಾಗ ಪ್ಲಾಸ್ಟರಿನ ಒಂದು ತುಂಡು ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಜಾಲರಿ ಸಮೇತ, ತಾರೀಖು ಸಮೇತ. ಅದರ ಹಿಂಬದಿಗೆ ಮಣ್ಣೇ ಅಂಟಿರಲಿಲ್ಲ.

ಪರಿಹಾರದ ವಿಷಯ ಬೇಗ ಮುಗಿಸ್ತೀನಿ. ಹಾಲು ಕೊಡುವ ಹಸುವಿಗೆ 37,500 ಅಂತ ಆ ವರ್ಷ ಹೊಸ ದರ ಬಂದಿತ್ತು. ಪಶುವೈದ್ಯರು ಬಂದು ನೋಡಿ ಬರೆದುಕೊಟ್ಟರೆ ಮಾತ್ರ ಸಿಗುತ್ತೆ, ಹಾಗಾಗಿ ಹೂಳುವ ಅವಸರ ಮಾಡಬೇಡಿ. ಮನೆಗೆ ಅಂಟಿದ ಕೊಟ್ಟಿಗೆಗೆ 3,000. ನಾನು ಸಿಮೆಂಟಿಗೇ 41,000 ಸುರಿದಿದ್ದೆ. ಅಂಥ ಇನ್ನೊಂದು ಹಸು ತರಬೇಕಾದರೆ 80,000ಕ್ಕೆ ಕಡಿಮೆ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಬೆಂಗಳೂರಿಗೆ ಹೋದರೆ ಭೂಕಂಪದಿಂದ ತಪ್ಪಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. 2016ರ ಭೂಕಂಪ ವಲಯದ ನಕ್ಷೆಯಲ್ಲಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಒಂದೇ ಬಣ್ಣ, ಎರಡನೇ ವಲಯ, ಅಂದರೆ ಆ ನಕ್ಷೆಯಲ್ಲಿ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯ. ಬಾಡಿಗೆ ಕಟ್ಟಿಕೊಂಡು ಅದೇ ಬಣ್ಣದೊಳಗೆ 60 ಕಿಲೋಮೀಟರ್ ಸರಿದ ಹಾಗಾಗುತ್ತೆ ಅಷ್ಟೇ. ಕೆಲಸಕ್ಕೆ, ಮಕ್ಕಳ ಸ್ಕೂಲಿಗೆ ಅಂತ ಹೋಗೋದಾದರೆ ಹೋಗಿ. ಭೂಕಂಪದ ನೆಪ ಬೇಡ.

ಭೂಕಂಪ ತಡೆಯುವ ಹಾಗೆ ಮನೆ ಗಟ್ಟಿ ಮಾಡಿಸಬೇಕಾ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ನಿಮ್ಮ ಮನೆಗೆ ಕಂಟಕ ಇರುವುದು ನೀರಿನಿಂದ. ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ತೆಗೆದು ನೋಡಿ. ಗೋಡೆ ಕುಸಿದು ಸತ್ತರು, ಮರದ ಕೆಳಗೆ ನಿಂತು ಸಿಡಿಲಿಗೆ ಸತ್ತರು, ಕೋಡಿ ದಾಟಲು ಹೋಗಿ ಕೊಚ್ಚಿಹೋದರು. ಬೇಸಿಗೆಯಾದರೆ ಆಲಿಕಲ್ಲು ಬಿದ್ದು ದ್ರಾಕ್ಷಿ ತೋಟ ಹೋಯಿತು. ಇವಕ್ಕೆ ಯಾರೂ ಗುಡಿ ಮುಂದೆ ಮಲಗಲ್ಲ.

ಹಾಗಂತ ಭೂಕಂಪ ಸುಮ್ನೆ ತಮಾಷೆ ಅಂತಲೂ ಅಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆಗಿದ್ದು ಸುಮಾರು 6.2. ನಮ್ಮ 3.0ಕ್ಕೆ ಹೋಲಿಸಿದರೆ ಅಲ್ಲಿ ಹೊರಬಂದ ಶಕ್ತಿ ಹತ್ತಿರ ಹತ್ತಿರ 60,000 ಪಟ್ಟು. ಅದೂ ನಮ್ಮದರ ಹಾಗೇ ಗಟ್ಟಿ ನೆಲ, ಏನೂ ಆಗಲ್ಲ ಅಂತ ಜನ ನಂಬಿದ್ದ ಜಾಗ. ಸುಮಾರು 10,000 ಜನ ಸತ್ತರು. ಅವರಲ್ಲಿ ಹೆಚ್ಚಿನವರ ಮೇಲೆ ಬಿದ್ದದ್ದು ಮಣ್ಣಲ್ಲಿ ಕಟ್ಟಿದ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ದಪ್ಪ ಮಣ್ಣಿನ ಮಾಳಿಗೆ. ನಿಮ್ಮ ಚಪ್ಪಡಿ, ನಿಮ್ಮ ಗೋಡೆ ನೆನಪಿಸಿಕೊಳ್ಳಿ. ಬುಡ ನೆನೆದ ಗೋಡೆಗೆ ಬೀಳಲು ಭೂಕಂಪವೇ ಬೇಕಿಲ್ಲ. ಬಂದರಂತೂ ಮೊದಲು ಬೀಳುವುದು ಅದೇ.

ಎರಡು ಲಕ್ಷದಲ್ಲಿ ನಾನಾದರೆ ಏನು ಮಾಡ್ತಿದ್ದೆ ಅಂದರೆ, ಮೊದಲು ಸೂರು ಎರಡು ಅಡಿ ಹೊರಕ್ಕೆ ಚಾಚಿಸುತ್ತಿದ್ದೆ. ಗೋಡೆ ಬುಡದಲ್ಲಿ ನೀರು ನಿಲ್ಲದ ಹಾಗೆ ಹೊರಕ್ಕೆ ಇಳಿಜಾರು ಮಾಡಿ, ಚರಂಡಿ ತೋಡಿ ದೂರ ಬಿಡುತ್ತಿದ್ದೆ. ಬಚ್ಚಲ ನೀರು ಗೋಡೆಗೆ ತಾಗುತ್ತಿದ್ದರೆ ಅವತ್ತೇ ತಿರುಗಿಸುತ್ತಿದ್ದೆ. ಬಿರುಕಿಗೆ ಮಣ್ಣೇ ಮೆತ್ತುತ್ತಿದ್ದೆ, ಹೆಚ್ಚೆಂದರೆ ಸುಣ್ಣ. ಇಷ್ಟಕ್ಕೆ ನಲವತ್ತು ಐವತ್ತು ಸಾವಿರ ಆಗಬಹುದು. ಮಿಕ್ಕ ದುಡ್ಡಲ್ಲಿ ಮಲಗುವ ಕೋಣೆಯ ಮೇಲಿನ ಚಪ್ಪಡಿ ಇಳಿಸಿ ಶೀಟು ಹಾಕಿಸುತ್ತಿದ್ದೆ. ಬೇಸಿಗೆಯಲ್ಲಿ ಸೆಕೆ, ಗೊತ್ತು. ನೋಡೋಕೂ ಚೆನ್ನಾಗಿರಲ್ಲ, ನೆಂಟರು ಮೂಗು ಮುರೀತಾರೆ. ಮುರೀಲಿ ಬಿಡಿ. ಮುಂದೆ ಯಾವಾಗಲಾದರೂ ಹೊಸ ಕೋಣೆ ಕಟ್ಟಿದರೆ ಮೇಸ್ತ್ರಿಗೆ ಒಂದು ಮಾತು ಹೇಳಿ: ಲಿಂಟಲ್ ಬರೀ ಬಾಗಿಲು ಕಿಟಕಿ ಮೇಲೆ ಬೇಡ, ನಾಲ್ಕು ಗೋಡೆಗೂ ಒಂದೇ ಪಟ್ಟಿಯಾಗಿ ಸುತ್ತಲೂ ಹಾಕು ಅಂತ. ಕಬ್ಬಿಣ ಜಾಸ್ತಿ ಆಗುತ್ತೆ ಅಂತ ಗೊಣಗುತ್ತಾನೆ, ಬಿಡಬೇಡಿ.

ನಡುಗಿದಾಗ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಬಾಗಿಲು ಎರಡು ಹೆಜ್ಜೆಯಲ್ಲಿದ್ದರೆ ಬಯಲಿಗೆ ಬನ್ನಿ. ಇಲ್ಲದಿದ್ದರೆ ಗಟ್ಟಿ ಮಂಚದ ಕೆಳಗೆ ಸೇರಿಕೊಳ್ಳಿ. ಹೊರಗೆ ಬಂದವರು ದಯವಿಟ್ಟು ಎರಡು ಮನೆ ನಡುವಿನ ಸಂದಿಯಲ್ಲಿ ನಿಂತು ಮಾತಾಡಬೇಡಿ. ನಾವು ಮಾಡಿದ್ದು ಅದನ್ನೇ, ಇಡೀ ಬೀದಿಯವರು ಸೇರಿ.

ಇದೆಲ್ಲ ಆಮೇಲೆ. ಇವತ್ತು ಒಂದು ಕೆಲಸ ಮಾಡಿ. ನಾಲ್ಕು ಇಂಚಿನ ಮೊಳೆ ತಗೊಂಡು ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ನಾಲ್ಕೈದು ಕಡೆ ಚುಚ್ಚಿ. ಸುತ್ತಿಗೆ ಬೇಡ, ಕೈಯಲ್ಲೇ ಒತ್ತಿ. ಎರಡು ಇಂಚು ಸಲೀಸಾಗಿ ಇಳಿದರೆ ಆ ಗೋಡೆಯ ಪಕ್ಕ ಇವತ್ತು ರಾತ್ರಿ ಯಾರೂ ಮಲಗಬೇಡಿ, ಹಸು ಇದ್ದರೆ ಅದನ್ನೂ ಬಿಚ್ಚಿ ಆಚೆ ಕಟ್ಟಿ. ಬಿರುಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬಲೆ ಇದೆಯಾ, ಇಲ್ಲವಾ, ಮೊಳೆ ಎಷ್ಟು ಇಳಿಯಿತು ಅಂತ ಇಲ್ಲಿ ಕೆಳಗೆ ಬರೆಯಿರಿ. ಸಾಯಂಕಾಲ ಹಾಲು ಕರೆದು ಬಂದು ನೋಡ್ತೀನಿ.